ಆಕಾರ ಕುಗ್ಗೀತು, ಗಾಳಿ ಕುಗ್ಗದು

ಒಂದು ವಸ್ತುವಿನ ಆಕಾರವನ್ನು ಆರರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟುವುದು ಕುಶಲಿಯಾದ ಕರ್ಮಿಗೆ ಅಸಾಧ್ಯವಾದ ಕಾರ್ಯವೇನಲ್ಲ. ಉದ್ದ, ಅಗಲ, ಎತ್ತರಗಳನ್ನು ಒಂದೇ ಪ್ರಮಾಣದಲ್ಲಿ ತಗ್ಗಿಸಿ, ರೇಖೆಗೆ ರೇಖೆ ಹೊಂದಿಸಿ, ಲೋಹದ ತಗಡಿನ ಮೊಳೆತಲೆಗಳನ್ನೂ ಬಿಡದೆ ಮೂಡಿಸಿ, ಬಣ್ಣ ಬಳಿದು ಮೇಜಿನ ಮೇಲಿರಿಸಿದ ಜೆಟ್ ವಿಮಾನದ ಪ್ರತಿಕೃತಿಯು, ಅಲ್ಲಿ ಕುಳಿತಿರುವ ತನಕ, ತನ್ನ ಮೂಲಕ್ಕೆ ಸಂಪೂರ್ಣ ನಿಷ್ಠವಾಗಿಯೇ ಇರುತ್ತದೆ. ಆದರೆ ಅದೇ ಪ್ರತಿಕೃತಿಯ ಹೊಟ್ಟೆಯಲ್ಲಿ ಯಂತ್ರವನ್ನಿಟ್ಟು, ರೇಡಿಯೊ ಸಂಕೇತಗಳಿಂದ ನಡೆಸಿ, ಬಯಲಿನ ಮೇಲೆ ಹಾರಿಸಬೇಕೆಂದು ಸಂಕಲ್ಪಿಸಿದ ಕೂಡಲೆ ಒಂದು ತೊಡಕು ತಲೆದೋರುತ್ತದೆ: ವಿಮಾನವನ್ನು ಕುಗ್ಗಿಸಿದವನು ಗಾಳಿಯನ್ನು ಕುಗ್ಗಿಸಲಾರ. ಆಕಾರವೊಂದು ಅಳತೆಯದು, ಅದನ್ನು ಹೊರಬೇಕಾದ ಗಾಳಿ ಇನ್ನೊಂದು ಅಳತೆಯದು. ಇವೆರಡರ ವೈಷಮ್ಯವನ್ನು ಅಳೆದು, ಅರಿತು, ಅಲ್ಪಾಲ್ಪವಾಗಿ ಪರಿಹರಿಸುವ ವಿಧಾನಕ್ಕೇ ಮಾದರಿ ಜೆಟ್ಟಿನ ಪರೀಕ್ಷಾ ಹಾರಾಟವೆಂದೂ ಸೂಕ್ಷ್ಮ ತಿದ್ದುಪಡಿಯೆಂದೂ ಹೆಸರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸುವುದು ಮೇಲುನೋಟಕ್ಕೆ ಅಪ್ರಸ್ತುತವಾಗಿ ತೋರೀತು. ಕೃಷ್ಣೆಯ ನೀರಿನಿಂದ ಕಬ್ಬನ್ನೂ, ಎರೆಮಣ್ಣಿನ ಸತ್ತ್ವದಿಂದ ತಂಬಾಕನ್ನೂ ಬೆಳೆಯುವ ನಾಡು ಇದು. ವಿಮಾನಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಆದರೆ ಇದೇ ಜಿಲ್ಲೆಯ ಸಾಂಬ್ರಾದ ವಿಮಾನನಿಲ್ದಾಣವನ್ನು ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆಯವರು ಕಟ್ಟಿದರು. ಅಲ್ಲಿ ಈಗಲೂ ಭಾರತೀಯ ವಾಯುಪಡೆಯ ಯೋಧರಿಗೆ ತರಬೇತು ನಡೆಯುತ್ತದೆ. ನಿಪ್ಪಾಣಿಯನ್ನು ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಸಿಕ್ಕುವ ಹತ್ತರಗಿಯ ಬಳಿ, ವಿದೇಶೀ ವಿಮಾನಗಳಿಗೆ ಬೇಕಾದ ಬಿಡಿಭಾಗಗಳನ್ನು ಕೂದಲೆಳೆಯ ನಿಖರತೆಯಿಂದ ಕಡೆಯುವ ಏಕ್ವಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ವಿಮಾನದ ಅಂಗಗಳು ಇಲ್ಲಿ ಹುಟ್ಟುತ್ತಿರುವಾಗ, ಅವು ಒಂದಾಗಿ ಹಾರುವ ಬಗೆಯನ್ನು ಈ ಸೀಮೆಯವರು ಅರಿಯಬಯಸುವುದು ಸಹಜವೇ ಸರಿ.

ಬೆಂಗಳೂರಿನ ಮರದ ವಿಮಾನ

ದೊಡ್ಡ ವಿಮಾನವನ್ನು ಹಾರಿಸುವ ಮೊದಲು ಅದರ ಬದಲಿಯೊಂದನ್ನು ಹಾರಿಸಿ ನೋಡುವ ಪದ್ಧತಿ ನಮ್ಮ ನಾಡಿಗೆ ಹೊಸತಲ್ಲ. ಎರಡನೆಯ ಮಹಾಯುದ್ಧದಲ್ಲಿ ಖ್ಯಾತವಾದ ಫೋಕೆ-ವುಲ್ಫ್ 190 ವಿಮಾನವನ್ನು ರೂಪಿಸಿದ ಜರ್ಮನ್ ತಜ್ಞ ಕುರ್ಟ್ ಟಾಂಕ್ ಅವರು 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಎಂಜಿನಿಯರುಗಳೊಡನೆ ಎಚ್‌ಎಫ್-24 ಮಾರುತ ಎಂಬ ಯುದ್ಧವಿಮಾನದ ವಿನ್ಯಾಸಕ್ಕೆ ತೊಡಗಿದಾಗ, ಅದರ ರೆಕ್ಕೆಗಳು ಮಂದಗತಿಯಲ್ಲಿ ಹೇಗೆ ವರ್ತಿಸುವುವೆಂಬುದನ್ನು ಕಾಗದದ ಲೆಕ್ಕದಿಂದ ಮಾತ್ರ ನಂಬಲು ಯಾರಿಗೂ ಧೈರ್ಯ ಸಾಲಲಿಲ್ಲ. ಆದುದರಿಂದ ಮೂಲದಷ್ಟೇ ದೊಡ್ಡದಾದ, ಆದರೆ ಎಂಜಿನು ಇಲ್ಲದ, ಮರದ ಗ್ಲೈಡರೊಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗದಿಂದ ಬಿಗಿದು ಮೇಲಕ್ಕೆ ಎಳೆದೊಯ್ದು ಬಿಟ್ಟು, ಇಳಿಯುವಾಗಲೆಲ್ಲ ಅದರ ಗುಣದೋಷಗಳನ್ನು ಗುರುತುಹಾಕಿಕೊಂಡರು. ಈ ಪೂರ್ವಸಿದ್ಧತೆಯ ಬಳಿಕವೇ, 1961ರ ಜೂನ್ 17ರಂದು, ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮಾರುತವನ್ನು ಮೊದಲ ಬಾರಿ ಬೆಂಗಳೂರಿನ ಆಕಾಶಕ್ಕೆ ಏರಿಸಿದ್ದು. ಅದೇ ದಾಸ್ ಅವರು 1970ರ ಜನವರಿ 10ರಂದು, ಮಾರುತದ ಪರಿಷ್ಕೃತ ರೂಪವೊಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ಪ್ರಾಣತೆತ್ತರು; ಬೆಂಗಳೂರಿನ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ಹೀಗೆ ಮನುಷ್ಯನ ಜೀವವನ್ನೇ ಪಣಕ್ಕಿಟ್ಟು ಪಡೆಯಬೇಕಾದ ಜ್ಞಾನವನ್ನು ಚಿಕ್ಕದಾದ, ಚಾಲಕನಿಲ್ಲದ ಮಾದರಿಯಿಂದ ಪಡೆಯಬಹುದಲ್ಲವೆ ಎಂಬ ವಿಚಾರವು ಲೋಕದ ಬೇರೆಡೆಯಲ್ಲಿಯೂ ಬಲಿಯಿತು. ಅಮೆರಿಕದ ನಾಸಾ ಸಂಸ್ಥೆಯು 1973ರಲ್ಲಿ ಎಫ್-15 ವಿಮಾನದ ಎಂಟರಲ್ಲಿ ಮೂರು ಪಾಲಿನ ಮಾದರಿಯನ್ನು ನೆಲದ ಮೇಲಿಂದಲೇ ನಡೆಸಿ, ವಿಮಾನವು ಗಿರಗಿರನೆ ಸುತ್ತುತ್ತ ಬೀಳುವ ಅಪಾಯಕರ ಸ್ಥಿತಿಯನ್ನು ಯಾರ ಪ್ರಾಣಕ್ಕೂ ಸಂಚಕಾರವಿಲ್ಲದೆ ಅಭ್ಯಸಿಸಿತು. 1997ರಲ್ಲಿ ಬಾಲವಿಲ್ಲದ ಎಕ್ಸ್-36 ಎಂಬ ಶೇಕಡಾ 28ರ ಅಳತೆಯ ಜೆಟ್ಟನ್ನು ಅದೇ ರೀತಿ ಹಾರಿಸಿತು. ನಮ್ಮ ರಾಜ್ಯದಲ್ಲಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯಿರುವ ವೈಮಾನಿಕ ಪರೀಕ್ಷಾ ವಲಯದಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯವರು ಸಣ್ಣ ಟರ್ಬೊಫ್ಯಾನ್ ಎಂಜಿನಿನ, ಕೇವಲ ರೆಕ್ಕೆಯ ಆಕಾರದ ಮಾನವರಹಿತ ವಿಮಾನವೊಂದನ್ನು 2022ರ ಜುಲೈ 1ರಂದು ಹಾರಿಸಿ ಇಳಿಸಿದರು; ಮುಂದೆ 2023ರ ಡಿಸೆಂಬರಿನಲ್ಲಿ, ಲಂಬಬಾಲಗಳಿಲ್ಲದ ರೂಪದಲ್ಲಿಯೂ ಅದು ಹಾರಿತು. ಮುಂದೆ ಬರಲಿರುವ ದೊಡ್ಡ ವಿಮಾನಕ್ಕೆ ಈ ಚಿಕ್ಕದೇ ದಾರಿತೋರುಗ. ಹವ್ಯಾಸಿಯು ಮಡ್ಡಿಯ ಮೇಲೆ ನಡೆಸುವ ಪರೀಕ್ಷೆಯೂ ಚಳ್ಳಕೆರೆಯ ಪರೀಕ್ಷೆಯೂ ವೆಚ್ಚದಲ್ಲಿ ಅಜಗಜಾಂತರವಾದರೂ ಕ್ರಮದಲ್ಲಿ ಒಂದೇ ಕುಲದವು.

ಲೆಕ್ಕದ ತೊಡಕು

ಈಗ ಮಾರುತವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಅದರ ಆರರಲ್ಲೊಂದು ಪಾಲಿನ ಮಾದರಿಯನ್ನು ಯಾರಾದರೂ ಕಟ್ಟುವರೆಂದು ಭಾವಿಸೋಣ. ಮೂಲವಿಮಾನದ ಉದ್ದ 15.87 ಮೀಟರು, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರು, ರೆಕ್ಕೆಯ ವಿಸ್ತೀರ್ಣ ಸುಮಾರು 28 ಚದರ ಮೀಟರು, ಹಾರುವ ತೂಕ ಸುಮಾರು 8,950 ಕಿಲೋ. ಮಾದರಿಯ ಉದ್ದ 2.65 ಮೀಟರಿಗೆ, ರೆಕ್ಕೆಯ ಹರವು ಒಂದೂವರೆ ಮೀಟರಿಗೆ ಇಳಿಯುತ್ತದೆ. ವಿಸ್ತೀರ್ಣವು ಉದ್ದದಂತೆ ಆರರಿಂದಲ್ಲ, ಆರರ ವರ್ಗವಾದ ಮೂವತ್ತಾರರಿಂದ ಭಾಗವಾಗುವುದರಿಂದ, ಅದು ಒಂದು ಚದರ ಮೀಟರಿನ ಮುಕ್ಕಾಲು ಪಾಲಿನಷ್ಟು ಮಾತ್ರ ಉಳಿಯುತ್ತದೆ. ತೂಕವಾದರೋ ಆರರ ಘನವಾದ 216ರಿಂದ ಭಾಗವಾಗಬೇಕು. ಆ ಲೆಕ್ಕದಂತೆ 41 ಕಿಲೋ. ಆದರೆ ನಾರುಗಾಜು, ಬಾಲ್ಸಾ ಮರ, ಇಂಗಾಲದ ನಾರು ಮೊದಲಾದ ಹಗುರ ದ್ರವ್ಯಗಳಿಂದ ಕಟ್ಟಿದ ಹವ್ಯಾಸಿಯ ವಿಮಾನವು ಇಂಧನಸಹಿತವಾಗಿ 12 ಕಿಲೋ ತೂಗಿದರೆ ಹೆಚ್ಚು. ಮೂಲದಲ್ಲಿ ರೆಕ್ಕೆಯ ಒಂದೊಂದು ಚದರ ಮೀಟರೂ 320 ಕಿಲೋ ಹೊರುತ್ತಿದ್ದರೆ, ಇಲ್ಲಿ ಹದಿನೈದು ಕಿಲೋ ಮಾತ್ರ ಹೊರಬೇಕು. ಆದ್ದರಿಂದಲೇ ಗಂಟೆಗೆ 60–65 ಕಿಲೋಮೀಟರಿನಷ್ಟು ಅಲ್ಪವೇಗದ ತನಕ ಈ ಮಾದರಿ ಗಾಳಿಯಲ್ಲಿ ನಿಲ್ಲಬಲ್ಲುದು.

ಹಗುರವಾದುದರಿಂದ ಸುಲಭವಾಯಿತೆಂದು ಭ್ರಮಿಸುವಂತಿಲ್ಲ. ರೆಕ್ಕೆಯ ಮೇಲೆ ಹರಿಯುವ ಗಾಳಿಯ ನಡತೆಯು ರೆಕ್ಕೆಯ ಅಗಲ ಮತ್ತು ವೇಗಗಳ ಗುಣಲಬ್ಧವನ್ನು ಅವಲಂಬಿಸಿದೆ. ಇದನ್ನು ಸೂಚಿಸುವ ಪ್ರಮಾಣಕ್ಕೆ ರೆನಾಲ್ಡ್ಸ್ ಸಂಖ್ಯೆಯೆಂದು ಹೆಸರು. ಅಗಲ ಆರು ಪಟ್ಟು, ವೇಗ ನಾಲ್ಕು ಪಟ್ಟು ಕಡಮೆಯಾದಾಗ ಆ ಸಂಖ್ಯೆ ಇಪ್ಪತ್ತನಾಲ್ಕು ಪಟ್ಟು ಇಳಿಯುತ್ತದೆ. ಆಗ ಗಾಳಿಯು ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯದೆ ಬೇಗನೆ ಕಿತ್ತುಹೋಗುತ್ತದೆ. ಮೂಲವಿಮಾನವು ಸಹಿಸುತ್ತಿದ್ದ ಕೋನದಲ್ಲಿ ಮಾದರಿಯು ಎತ್ತುಬಲವನ್ನು ಕಳೆದುಕೊಂಡು ಕುಸಿಯುತ್ತದೆ. ಅದಕ್ಕಾಗಿಯೇ ಅನುಭವಿಗಳು ಮೂಲದ ಹರಿತವಾದ ರೆಕ್ಕೆಯಂಚನ್ನು ಸ್ವಲ್ಪ ದುಂಡಗೆ ಮಾಡುವರು, ದಪ್ಪವನ್ನು ಸ್ವಲ್ಪ ಹೆಚ್ಚಿಸುವರು, ಬಾಲದ ವಿಸ್ತೀರ್ಣವನ್ನು ಕಣ್ಣಿಗೆ ಕಾಣದಷ್ಟು ಹಿಗ್ಗಿಸುವರು. ರೂಪನಿಷ್ಠೆಯಲ್ಲಿ ಕೂದಲಷ್ಟು ರಿಯಾಯಿತಿ ತೋರದವನ ವಿಮಾನ ಮೇಜಿಗೆ ಭೂಷಣವಾದೀತೇ ಹೊರತು ಆಕಾಶಕ್ಕಲ್ಲ.

ವೇಗದ ವಿಷಯದಲ್ಲಿಯೂ ಕಣ್ಣಿಗೊಂದು ನ್ಯಾಯ, ರೆಕ್ಕೆಗೊಂದು ನ್ಯಾಯ. ಮೂಲವು ಗಂಟೆಗೆ 600 ಕಿಲೋಮೀಟರು ಓಡುವ ದೃಶ್ಯವನ್ನು ಮಾದರಿಯಲ್ಲಿ ಕಾಣಬೇಕಾದರೆ ಅದು ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹಾರಬೇಕು. ಆದರೆ ಕುಸಿಯುವ ವೇಗವೇ ಅರುವತ್ತಕ್ಕೆ ಮೇಲಿರುವಾಗ, ತಿರುವಿನಲ್ಲಿ ರೆಕ್ಕೆಯ ಮೇಲಣ ಭಾರ ಇನ್ನೂ ಏರುವುದರಿಂದ, ನೂರು ಎಂಬುದು ಸುರಕ್ಷತೆಯ ಅಂಚು ಮಾತ್ರ. ಇದನ್ನು ಬಲ್ಲವರು ಮೊದಲ ಹಾರಾಟದಲ್ಲಿ ಸೌಂದರ್ಯವನ್ನು ಬದಿಗಿರಿಸಿ ವೇಗವನ್ನು ಕಾಯ್ದುಕೊಳ್ಳುವರು.

ಇದೇ ಲೆಕ್ಕದಲ್ಲಿ ಒಂದು ವಿಪರ್ಯಾಸವೂ ಅಡಗಿದೆ. ಮಾರುತಕ್ಕೆ ತಕ್ಕ ಬಲಶಾಲಿಯಾದ ಎಂಜಿನು ಕೊನೆಗೂ ದೊರೆಯಲಿಲ್ಲ. ತಲಾ 2,200 ಕಿಲೋ ನೂಕುಬಲದ ಎರಡು ಆರ್ಫಿಯಸ್ ಎಂಜಿನುಗಳೇ ಅದಕ್ಕೆ ಗತಿಯಾದವು. ಅಂದರೆ ತೂಕದ ಅರ್ಧದಷ್ಟು ಮಾತ್ರ ನೂಕುಬಲ. ಹತ್ತು ಕಿಲೋ ನೂಕುಬಲದ ಒಂದೇ ಪುಟ್ಟ ಟರ್ಬೈನನ್ನು ಹನ್ನೆರಡು ಕಿಲೋ ಮಾದರಿಯಲ್ಲಿರಿಸಿ, ಹಿಂದಿನ ಬೆಂಕಿಕೊಳವೆಯನ್ನು ಎರಡು ಕವಲಾಗಿಸಿ ಎರಡು ಬಾಯಿಗಳಿಂದ ಬಿಟ್ಟರೆ, ಟಾಂಕ್ ಅವರು ಬಯಸಿಯೂ ಪಡೆಯದ ಶಕ್ತಿಯು ಮಾದರಿಗಾರನ ಕೈಗೆ ಬರುತ್ತದೆ.

ಹೊಟ್ಟೆಯೊಳಗಣ ಬೆಂಕಿ

ಮಾದರಿ ಜೆಟ್ಟುಗಳಲ್ಲಿ ಎರಡು ಬಗೆ. ಮೊದಲನೆಯದು ವಿದ್ಯುತ್ತಿನದು: ಕೊಳವೆಯೊಳಗೆ ಅನೇಕ ಎಲೆಗಳ ಫ್ಯಾನು, ಅದನ್ನು ತಿರುಗಿಸುವ ಮೋಟರು, ಲಿಥಿಯಂ ಪಾಲಿಮರ್ ಬ್ಯಾಟರಿ. ಇದು ಅಗ್ಗ, ಸರಳ, ಶುಚಿ. ಹಾರಾಟ ಮಾತ್ರ ನಾಲ್ಕೈದು ನಿಮಿಷದ್ದು. ಎರಡನೆಯದು ನಿಜವಾದ ಟರ್ಬೈನು. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಎಂಬ ಹವ್ಯಾಸಿಯು, ಗಾಳಿಯನ್ನು ಒತ್ತುವ ಚಕ್ರವನ್ನು ಪ್ಲೈವುಡ್ಡಿನಿಂದಲೇ ಮಾಡಿ ಇಂಗಾಲದ ನಾರಿನಿಂದ ಬಿಗಿದು, ಮನೆಯ ಕಮ್ಮಟದಲ್ಲಿಯೂ ಟರ್ಬೈನನ್ನು ಕಟ್ಟಬಹುದೆಂದು ತೋರಿಸಿಕೊಟ್ಟ ಬಳಿಕ ಈ ವಿದ್ಯೆಯು ಬಹುಬೇಗ ಹಬ್ಬಿತು. ಇಂದು ಕಾರ್ಖಾನೆಗಳಲ್ಲಿ ಸಿದ್ಧವಾಗುವ, ನೀರಿನ ತಂಬಿಗೆಯಷ್ಟು ಗಾತ್ರದ, ಒಂದು ಕಿಲೋಗಿಂತ ತುಸು ಹೆಚ್ಚು ತೂಗುವ ಯಂತ್ರವು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗಿ ಹತ್ತು ಕಿಲೋ ನೂಕುಬಲವನ್ನು ಕೊಡಬಲ್ಲುದು. ಇದರ ಆಹಾರ ನಮ್ಮ ಕಡೆ ಚಿಮಣಿ ಎಣ್ಣೆಯೆಂದು ಕರೆಯುವ ಸೀಮೆಎಣ್ಣೆಯೇ. ಬೇರಿಂಗುಗಳಿಗೆ ಜಿಡ್ಡು ಒದಗಲೆಂದು ಅದರಲ್ಲಿ ಶೇಕಡಾ ಐದರಷ್ಟು ಟರ್ಬೈನ್ ಎಣ್ಣೆಯನ್ನು ಬೆರೆಸುವರು. ಪೂರ್ಣಬಲದಲ್ಲಿ ನಿಮಿಷಕ್ಕೆ ಸುಮಾರು 400 ಮಿಲಿಲೀಟರು ಹೀರುವ ಈ ಯಂತ್ರಕ್ಕೆ ಎರಡೂವರೆ ಲೀಟರಿನ ತೊಟ್ಟಿಯಿಟ್ಟರೆ, ಎಂಜಿನಿನ ಬಲವನ್ನು ಏರಿಳಿಸುವ ಥ್ರಾಟಲನ್ನು ಹಿಡಿತದಲ್ಲಿಟ್ಟು ಏಳೆಂಟು ನಿಮಿಷ ಹಾರಬಹುದು.

ಹೊರಬೀಳುವ ಅನಿಲದ ಬಿಸಿ 600–700 ಡಿಗ್ರಿ ಸೆಲ್ಸಿಯಸ್. ಕಬ್ಬಿನ ಸೀಮೆಯಲ್ಲಿ ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು. ಕಟಾವಾದ ಹೊಲದಲ್ಲಿ ಮೊಣಕಾಲುದ್ದ ಹಾಸಿರುವ ಒಣ ರವದಿಗೆ ಒಂದು ಕಿಡಿ ತಗಲಿದರೆ, ಪಕ್ಕದ ನಿಂತ ಬೆಳೆಗೆ ದಾಟಲು ಕ್ಷಣಗಳು ಸಾಕು. ಆದುದರಿಂದ ಯಂತ್ರ ಹೊತ್ತಿಸುವ ಜಾಗದ ಸುತ್ತ ರವದಿಯನ್ನು ಗುಡಿಸಿ, ನೆಲ ತೋಯಿಸಿ, ಕಾರ್ಬನ್ ಡೈಆಕ್ಸೈಡಿನ ಅಗ್ನಿಶಾಮಕವನ್ನು ಕೈಯಳವಿನಲ್ಲಿಟ್ಟುಕೊಂಡೇ ಕೀಲಿ ತಿರುಗಿಸಬೇಕು. ಎಂಜಿನು ನಿಂತ ಮೇಲೂ ಅದರ ಗಣಕವು ಸ್ಟಾರ್ಟರ್ ಮೋಟರಿನಿಂದ ಗಾಳಿಯನ್ನು ಎಳೆದು, ಉಷ್ಣತೆ ನೂರು ಡಿಗ್ರಿಯ ಕೆಳಗಿಳಿಯುವ ತನಕ ಯಂತ್ರವನ್ನು ತಣಿಸುತ್ತಿರುತ್ತದೆ; ಅದಕ್ಕೆ ಮುನ್ನ ಬ್ಯಾಟರಿಯನ್ನು ಕಳಚುವ ಅವಸರ ಬೇರಿಂಗಿಗೆ ಮೃತ್ಯುಪ್ರಾಯ.

ನೆಲದ ಮೇಲಿನ ಪರೀಕ್ಷೆ

ಪರೀಕ್ಷಾ ಹಾರಾಟದ ಮುಕ್ಕಾಲು ಪಾಲು ನೆಲದ ಮೇಲೆಯೇ ತೀರ್ಮಾನವಾಗುತ್ತದೆ. ಎಲ್ಲಕ್ಕೂ ಮೊದಲಿನದು ಗುರುತ್ವಕೇಂದ್ರ. ಗಾಡಿಗೆ ಕಬ್ಬು ಹೇರುವ ರೈತನು, ಹಿಂಭಾರವಾದರೆ ನೊಗ ಮೇಲಕ್ಕೆದ್ದು, ಮುಂಭಾರವಾದರೆ ಎತ್ತಿನ ಹೆಗಲು ಮುರಿಯುವುದೆಂದು ಅರಿತು, ಹೊರೆಯನ್ನು ಹಿಂದೆ ಮುಂದೆ ಸರಿಸುತ್ತ ಹದಗೊಳಿಸುವನಷ್ಟೆ. ವಿಮಾನದಲ್ಲಿಯೂ ಇರುವುದು ಅದೇ ಹದ. ಮುಂಭಾರದ ವಿಮಾನ ಮೂಗು ಎತ್ತಲು ಹಟಮಾಡುತ್ತದೆ, ಆದರೆ ಬದುಕಿ ಬರುತ್ತದೆ. ಹಿಂಭಾರದ್ದು ಕೈಬೆರಳಿನ ಅಲ್ಪ ಚಲನೆಗೂ ಚಿಮ್ಮಿ, ಚಾಲಕನು ತಿದ್ದುವ ಮೊದಲೇ ನೆಲ ಸೇರುತ್ತದೆ. ಹಾಗಾಗಿ ಮೊದಲ ಹಾರಾಟಕ್ಕೆ ಮುಂಭಾರವೇ ಕ್ಷೇಮ.

ನಮ್ಮ ಮಾದರಿ ಮಾರುತದ ರೆಕ್ಕೆಯ ಸರಾಸರಿ ಅಗಲ ಸುಮಾರು 52 ಸೆಂಟಿಮೀಟರು. ಗುರುತ್ವಕೇಂದ್ರವನ್ನು ಮುಂದಿನ ಅಂಚಿನಿಂದ ಆ ಅಗಲದ ಶೇಕಡಾ 25ರಲ್ಲಿ ನಿಲ್ಲಿಸಿ ಆರಂಭಿಸಿ, ಪರೀಕ್ಷೆಗಳ ಬಳಿಕ 28ಕ್ಕೆ ಒಯ್ಯಬೇಕೆನಿಸಿದರೆ, ವ್ಯತ್ಯಾಸ ಒಂದೂವರೆ ಸೆಂಟಿಮೀಟರು. ಅಷ್ಟಕ್ಕಾಗಿ 200 ಗ್ರಾಂ ತೂಕದ ಬ್ಯಾಟರಿಯನ್ನು 90 ಸೆಂಟಿಮೀಟರು ಹಿಂದಕ್ಕೆ ಸರಿಸಬೇಕಾಗುತ್ತದೆ. ಸ್ಥಳವನ್ನು ಮೊದಲೇ ಕಾದಿರಿಸದವನು ಬಾಲಕ್ಕೆ ಸೀಸ ಕಟ್ಟಿ ವ್ಯರ್ಥ ತೂಕ ಹೊರಿಸುವನು. ಇಂಧನದ ತೊಟ್ಟಿಯೂ ಗುರುತ್ವಕೇಂದ್ರದ ಮೇಲೆಯೇ ಕೂರಬೇಕು. ಎರಡು ಕಿಲೋ ಎಣ್ಣೆ ಅಂಗೈಯಷ್ಟು ಮುಂದಿದ್ದರೂ ಸಾಕು, ಅದು ಉರಿದು ಮುಗಿಯುವಷ್ಟರಲ್ಲಿ ವಿಮಾನವು ಏರಿದ್ದು ಒಂದು ಸ್ವಭಾವದಲ್ಲಿ, ಇಳಿಯುವುದು ಇನ್ನೊಂದು ಸ್ವಭಾವದಲ್ಲಿ ಎಂಬಂತಾಗುತ್ತದೆ. ತೇಜಸ್ ಯುದ್ಧವಿಮಾನದಂಥ, ಬಾಲದ ಅಡ್ಡರೆಕ್ಕೆಯಿಲ್ಲದ ತ್ರಿಕೋನ ರೆಕ್ಕೆಯ ವಿಮಾನದಲ್ಲಿ ಈ ಎಚ್ಚರ ಇಮ್ಮಡಿ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಆ ಮೂಲವಿಮಾನವನ್ನು ಚುರುಕಿಗಾಗಿ ಉದ್ದೇಶಪೂರ್ವಕವಾಗಿಯೇ ಅಸ್ಥಿರವಾಗಿ ರೂಪಿಸಲಾಗಿದೆ. ಗಣಕಗಳು ಪ್ರತಿಕ್ಷಣವೂ ತಿದ್ದುತ್ತಿರುವುದರಿಂದಲೇ ಅದು ನೇರ ಹಾರುತ್ತದೆ. ಆ ಗಣಕವಿಲ್ಲದ ಮಾದರಿಯಲ್ಲಿ ಮೂಲದ ಗುರುತ್ವಕೇಂದ್ರವನ್ನು ಯಥಾವತ್ತಾಗಿ ನಕಲು ಮಾಡುವುದು ಆತ್ಮಹತ್ಯೆಗೆ ಸಮಾನ; ಅದನ್ನು ಮುಂದಕ್ಕೆ ತಂದು ಸ್ಥಿರಗೊಳಿಸಲೇಬೇಕು.

ಆಮೇಲೆ ನಿಯಂತ್ರಣಗಳ ಸರದಿ. ಎಲಿವೇಟರು ಮೂಗನ್ನು ಎತ್ತಿ ಇಳಿಸುವುದು. ಐಲೆರಾನು ರೆಕ್ಕೆಯನ್ನು ಓರೆಮಾಡುವುದು. ರಡ್ಡರು ಬಾಲವನ್ನು ಎಡಬಲಕ್ಕೆ ನೂಕುವುದು. ಒಂದೊಂದರ ಚಲನೆಯನ್ನೂ ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು ಬರೆದಿಡುವರು. ಬೆರಳಿನಿಂದ ಅಲುಗಿಸಿದರೆ ಸಡಿಲ ತೋರುವ ಕೀಲು ಒಂದಾದರೂ ಉಳಿದರೆ, ಅತಿವೇಗದಲ್ಲಿ ಆ ಫಲಕವು ತಾನಾಗಿ ಕಂಪಿಸಿ, ಝೇಂಕಾರದಂತೆ ಸದ್ದುಮಾಡಿ, ಕಿತ್ತುಹೋಗುವುದುಂಟು. ರೇಡಿಯೊವನ್ನು ಕಡಮೆ ಶಕ್ತಿಗೆ ಇಳಿಸಿ, ಎಂಜಿನು ಓಡುತ್ತಿರುವಾಗಲೇ ಹಲವು ಹೆಜ್ಜೆ ದೂರ ನಡೆದು, ಸಂಕೇತ ಕಡಿಯದೆ ತಲಪುವುದೇ ಎಂದು ನೋಡುವರು. ಸಂಕೇತ ಕಡಿದುಹೋದರೆ ಎಂಜಿನು ತಾನಾಗಿ ಆರಬೇಕೆಂಬ ಏರ್ಪಾಟನ್ನು, ಕೈಯಲ್ಲಿರುವ ಪ್ರೇಷಕವನ್ನೇ ಆರಿಸಿ ಪರೀಕ್ಷಿಸುವರು.

ಮೊದಲ ಏರು

ಈ ಸೀಮೆಯಲ್ಲಿ ಡಾಂಬರಿನ ಓಡುದಾರಿ ಸಿಕ್ಕದು. ಎರೆಹೊಲ ಮಳೆಯಲ್ಲಿ ಕೆಸರು, ಬೇಸಗೆಯಲ್ಲಿ ಬಿರುಕು. ಪುಟ್ಟ ಗಾಲಿಗೆ ಎರಡೂ ಶತ್ರು. ಗಟ್ಟಿ ಜೇಡಿ-ಗೊರಚಿನ ಮಡ್ಡಿ, ಗಾಡಿಯ ಶರ್ಯತ್ತು ನಡೆದು ಹದಗೊಂಡ ಮಾಳ, ಇವೇ ಒದಗಬಲ್ಲ ನೆಲಗಳು. ಅಲ್ಲಿಯೂ ಹರಳು ಆಯ್ದು, ಗಾಳಿ ಹೀರುವ ಬಾಯಿಗೆ ಉಕ್ಕಿನ ಜಾಲರಿ ತೊಡಿಸದೆ ಟರ್ಬೈನನ್ನು ಓಡಿಸುವಂತಿಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ಪಡುವಣ ಗಾಳಿಯ ಆರ್ಭಟ; ಬಿಸಿಲು ಕಾಲದಲ್ಲಿ ಹೊತ್ತೇರಿದಂತೆ ನೆಲದಿಂದ ಏಳುವ ಬಿಸಿಗಾಳಿ, ಅದರ ಮೇಲೆ ಸುತ್ತುವ ಹದ್ದು. ಕಬ್ಬು ಕಟಾವಾದ ಚಳಿಗಾಲದ ಮುಂಜಾವೇ ಪರೀಕ್ಷೆಗೆ ಪ್ರಶಸ್ತ ಕಾಲ. ಇದಕ್ಕೆ ಲೆಕ್ಕದ ಬೆಂಬಲವೂ ಉಂಟು: ಸಮುದ್ರಮಟ್ಟದಿಂದ 650 ಮೀಟರು ಮೇಲಿರುವ ಬಯಲಿನಲ್ಲಿ, 38 ಡಿಗ್ರಿ ಬಿಸಿಲಿರುವಾಗ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಕ್ಕಿಂತ ಶೇಕಡಾ 14ರಷ್ಟು ಕಡಮೆ, 15 ಡಿಗ್ರಿಯ ಮುಂಜಾವಿನಲ್ಲಿ 7ರಷ್ಟು ಮಾತ್ರ ಕಡಮೆ. ತೆಳುಗಾಳಿಯಲ್ಲಿ ಎಂಜಿನಿನ ಬಲವೂ ಇಳಿಯುತ್ತದೆ, ಕುಸಿಯುವ ವೇಗವೂ ಏರುತ್ತದೆ. ಜನವರಿಯಲ್ಲಿ ಸಲೀಸಾಗಿ ಎದ್ದ ವಿಮಾನ ಏಪ್ರಿಲ್ಲಿನ ಮಧ್ಯಾಹ್ನ ಅದೇ ಮಾಳದ ಕೊನೆ ಮುಟ್ಟಿದರೂ ಏಳದೆ ಉಳಿಯಬಹುದು.

ಮೊದಲು ಅರ್ಧವೇಗದಲ್ಲಿ ನೆಲದ ಮೇಲೆಯೇ ಓಡಿಸಿ, ದಾರಿ ನೇರವಿದೆಯೆ, ಮುಂಗಾಲಿ ಎಡಬಲಕ್ಕೆ ಎಳೆಯುತ್ತದೆಯೆ ಎಂದು ನೋಡುವರು. ಮುಂಗಾಲಿ ಗಿಡ್ಡವಾಗಿ ಮೂಗು ತಗ್ಗಿದ್ದರೆ ವೇಗ ಸಂದರೂ ವಿಮಾನ ಏಳದು. ಉದ್ದವಾಗಿ ಮೂಗು ಎದ್ದಿದ್ದರೆ ಚಾಲಕನು ಸಿದ್ಧನಾಗುವ ಮುನ್ನವೇ ಚಿಮ್ಮೀತು. ಇವೆಲ್ಲ ಸರಿಯಾದ ಮೇಲೆ ಗಾಳಿಗೆ ಎದುರಾಗಿ ನಿಲ್ಲಿಸಿ, ಥ್ರಾಟಲನ್ನು ನಿಧಾನವಾಗಿ ಪೂರ್ಣಕ್ಕೆ ಒಯ್ಯುವರು. ಟರ್ಬೈನು ಪೆಟ್ರೋಲ್ ಎಂಜಿನಿನಂತೆ ಕೂಡಲೆ ಓಗೊಡುವುದಿಲ್ಲ. ಕನಿಷ್ಠ ವೇಗದಿಂದ ಪೂರ್ಣಬಲಕ್ಕೆ ಏರಲು ಅದಕ್ಕೆ ಕೆಲವು ಸೆಕೆಂಡುಗಳು ಬೇಕು. ಈ ವಿಳಂಬವನ್ನು ಮರೆತು, ಇಳಿಯುವಾಗ ವೇಗ ಕಳೆದುಕೊಂಡ ಬಳಿಕ ಬಲ ಬೇಡಿದವನಿಗೆ ಬಲವು ತಡವಾಗಿಯೇ ಬರುತ್ತದೆ.

ಮೊದಲ ಹಾರಾಟದಲ್ಲಿ ಗಾಲಿಗಳನ್ನು ಒಳಸೇರಿಸದೆ ಬಿಡುವುದು ರೂಢಿ. ಸಿಕ್ಕಿಕೊಳ್ಳಬಹುದಾದ ಅಂಗ ಒಂದಾದರೂ ಕಡಮೆಯಾಗಲೆಂದು. ಚಾಲಕನ ಪಕ್ಕದಲ್ಲಿ ಒಬ್ಬ ಸಹಾಯಕ ನಿಂತಿರಲೇಬೇಕು, ಏಕೆಂದರೆ ಗಂಟೆಗೆ 200 ಕಿಲೋಮೀಟರಿಗೆ ಮಿಗಿಲಾಗಿ ಹಾರುವ ವಿಮಾನವು ಏಳು ಸೆಕೆಂಡಿನಲ್ಲಿ 400 ಮೀಟರು ದಾಟುವಾಗ ಚಾಲಕನು ಕಣ್ಣು ಕದಲಿಸುವಂತಿಲ್ಲ. "ಗಾಲಿ ಮೂರೂ ಕೆಳಗ ಅದಾವು ಅಣ್ಣಾ, ಎಣ್ಣಿ ಇನ್ನ ಅರ್ಧ ಐತಿ, ಗಾಳಿ ಎಡಕ್ಕಿಂದ ಬರಾಕತ್ತೈತಿ" ಎಂದು ಸಹಾಯಕನು ಮೆಲುದನಿಯಲ್ಲಿ ಹೇಳುತ್ತಿರಬೇಕು. ಅದಕ್ಕಿಂತ ಹೆಚ್ಚೂ ಬೇಡ, ಕಡಮೆಯೂ ಬೇಡ. ಸುರಕ್ಷಿತ ಎತ್ತರ ತಲಪಿದ ಬಳಿಕ ಥ್ರಾಟಲನ್ನು ಅರ್ಧಕ್ಕಿಳಿಸಿ, ಕೈ ಸಡಿಲಿಸಿದರೆ ವಿಮಾನ ನೇರವಾಗಿ ಸಾಗುವ ತನಕ ನಿಯಂತ್ರಣ ಫಲಕಗಳ ನಿಲುವನ್ನು ತುಸುತುಸುವೇ ಸರಿಸುವ, ಪ್ರೇಷಕದ ಮೇಲಣ ಟ್ರಿಮ್ ಗುಂಡಿಗಳನ್ನು ಒತ್ತುವರು. ಮುಂದೆ, ರೆಕ್ಕೆಯ ಹಿಂದಂಚಿನಲ್ಲಿ ಕೆಳಬಾಗುವ ಫ್ಲಾಪುಗಳನ್ನು ಇಳಿಸಿ, ವೇಗವನ್ನು ಮೆಲ್ಲಮೆಲ್ಲನೆ ತಗ್ಗಿಸಿ, ಎಲ್ಲಿ ಕುಸಿಯುತ್ತದೆ, ಕುಸಿಯುವಾಗ ಯಾವ ರೆಕ್ಕೆ ಮೊದಲು ಬಾಗುತ್ತದೆ ಎಂಬುದನ್ನು ಅಲ್ಲಿಯೇ ಅರಿಯುವರು. ನೆಲದ ಬಳಿ ಅರಿಯುವುದಕ್ಕೆ ಆಗ ಕಾಲವಿರುವುದಿಲ್ಲ. ನಾಲ್ಕೈದು ನಿಮಿಷಕ್ಕೇ, ತೊಟ್ಟಿಯಲ್ಲಿ ಇನ್ನೊಮ್ಮೆ ಸುತ್ತಿಬರುವಷ್ಟು ಎಣ್ಣೆ ಉಳಿದಿರುವಾಗಲೇ, ಇಳಿಸಿಬಿಡುವುದು ವಿವೇಕ.

ತಿದ್ದುಪಡಿ

ಇಳಿದ ವಿಮಾನವನ್ನು ಸುತ್ತುಗಟ್ಟುವ ಜನರ ಅಭಿನಂದನೆಗಿಂತ ಮೊದಲು ನಡೆಯಬೇಕಾದ ಕೆಲಸ ಬರವಣಿಗೆ. ಎಲಿವೇಟರು ಎಷ್ಟು ಟ್ರಿಮ್ ಬೇಡಿತು, ಪೂರ್ಣಬಲದಲ್ಲಿ ಮೂಗು ಎದ್ದಿತೇ ಇಳಿಯಿತೇ, ಫ್ಲಾಪು ಬಿಟ್ಟಾಗ ಉಬ್ಬಿ ಮೇಲೆದ್ದಿತೇ, ಇವನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಗುರುತುಹಾಕಬೇಕು. ಒಂದೊಂದು ಲಕ್ಷಣಕ್ಕೂ ಒಂದೊಂದು ಕಾರಣ, ಒಂದೊಂದು ಔಷಧ. ಬಲ ಹೆಚ್ಚಿಸಿದಾಗ ಮೂಗು ಏಳುವುದಾದರೆ ಬೆಂಕಿಕೊಳವೆಯ ಬಾಯಿಯ ಕೋನವನ್ನು ಒಂದೆರಡು ಡಿಗ್ರಿ ತಿದ್ದುವರು. ಫ್ಲಾಪಿನಿಂದ ಉಬ್ಬುವುದಾದರೆ, ಫ್ಲಾಪು ಇಳಿದೊಡನೆ ಎಲಿವೇಟರು ತಾನಾಗಿ ತುಸು ಬಾಗುವಂತೆ ಪ್ರೇಷಕದಲ್ಲಿ ಮಿಶ್ರಣ ಏರ್ಪಡಿಸುವರು. ಟ್ರಿಮ್ಮಿನಿಂದ ತಂದ ತಿದ್ದುಪಡಿಯನ್ನು ಕೀಲುಕಡ್ಡಿಯ ಉದ್ದಕ್ಕೆ ವರ್ಗಾಯಿಸಿ, ಪ್ರೇಷಕದ ಗುಂಡಿಗಳನ್ನು ಮತ್ತೆ ಸೊನ್ನೆಗೆ ತರುವರು.

ಗುರುತ್ವಕೇಂದ್ರದ ಹದವನ್ನು ವಿಮಾನದಿಂದಲೇ ಕೇಳಿ ತಿಳಿಯುವ ಉಪಾಯವೊಂದಿದೆ. ಸಮಗತಿಯಲ್ಲಿ ಹಾರುತ್ತಿರುವಾಗ ಅದನ್ನು ಮಗುಚಿ ಬೆನ್ನ ಮೇಲೆ ಹಾರಿಸಬೇಕು. ಆಗ ಎತ್ತರ ಕಾಯಲು ಎಲಿವೇಟರಿನ ಕಡ್ಡಿಯನ್ನು ಬಹಳವಾಗಿ ಮುಂದಕ್ಕೆ ಒತ್ತಬೇಕಾದರೆ ವಿಮಾನವು ಮುಂಭಾರ. ಸ್ವಲ್ಪವೇ ಒತ್ತಿದರೆ ಸಾಕಾದರೆ ಹದವಾಗಿದೆ. ಏನೂ ಒತ್ತದೆಯೇ ನಿಂತರೆ, ಅಥವಾ ತಾನೇ ಮೇಲೇರಹೊರಟರೆ, ಹಿಂಭಾರದ ಅಂಚಿಗೆ ಬಂದಿದೆಯೆಂದೇ ತಿಳಿಯತಕ್ಕದ್ದು. ಬ್ಯಾಟರಿಯನ್ನು ಪ್ರತಿಸಲವೂ ಕೆಲವೇ ಸೆಂಟಿಮೀಟರು ಸರಿಸಿ ಮತ್ತೆ ಹಾರಿಸಿ ನೋಡುವರು. ಗಾಳಿಯ ಹೊಡೆತವನ್ನು ತಾನೇ ತಿದ್ದುವ ಜೈರೊ ಎಂಬ ಪುಟ್ಟ ಉಪಕರಣವನ್ನು ಇಂದು ಹಲವರು ಅಳವಡಿಸುವರು. ಅದರ ಸೂಕ್ಷ್ಮತೆಯನ್ನು ಮಿತಿಮೀರಿ ಏರಿಸಿದರೆ, ಅತಿವೇಗದಲ್ಲಿ ವಿಮಾನವು ಚಳಿಹಿಡಿದಂತೆ ನಡುಗುತ್ತದೆ. ಆದುದರಿಂದ ಜೈರೊವನ್ನು ಆರಿಸಿಯೇ ಮೊದಲು ಹದಗೊಳಿಸುವುದು ಲೇಸು. ದೋಷವನ್ನು ಉಪಕರಣದಿಂದ ಮುಚ್ಚಿಟ್ಟವನಿಗೆ ದೋಷ ಎಲ್ಲಿದೆಯೆಂದೇ ತಿಳಿಯದು.

ಈ ಎಲ್ಲದರಲ್ಲಿಯೂ ಮೀರಬಾರದ ಸೂತ್ರವೊಂದೇ: ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನು ಕೂಡಿಯೇ ಬದಲಿಸಿದಾಗ ವಿಮಾನವು ಉತ್ತಮಗೊಂಡರೆ ಶ್ರೇಯಸ್ಸು ಯಾವುದರದೆಂದು ತಿಳಿಯದು. ಕೆಟ್ಟರೆ ಅಪರಾಧ ಯಾವುದರದೆಂದೂ ತಿಳಿಯದು. ಅನೇಕರು ಈ ಕಾರಣದಿಂದಲೇ, ಹದವೆಲ್ಲ ಕೂಡಿಬರುವ ತನಕ ಅಂತಿಮ ಬಣ್ಣವನ್ನೂ ಲಾಂಛನಗಳನ್ನೂ ತಡೆದಿಟ್ಟು, ಬೂದುಬಣ್ಣದ ಒಳಲೇಪದಲ್ಲಿಯೇ ಹಾರಿಸುವರು.

ನಿಯಮ ಮತ್ತು ಆರಂಭ

ಇಂಥ ಹಾರಾಟ ಕಾನೂನಿಗೆ ಹೊರತಲ್ಲ. ಕೇಂದ್ರ ಸರಕಾರದ 2021ರ ಡ್ರೋನ್ ನಿಯಮಗಳು, ವಿದ್ಯಾಭ್ಯಾಸ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ವಿನೋದಕ್ಕಾಗಿ ಕಣ್ಣಳತೆಯೊಳಗೇ ಹಾರಿಸುವ, 25 ಕಿಲೋ ಮೀರದ ಮಾದರಿಗಳನ್ನು ಪ್ರತ್ಯೇಕವಾಗಿ ಹೆಸರಿಸಿ, ಅವಕ್ಕೆ ವಿನ್ಯಾಸ-ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿವೆ. ಡಿಜಿಟಲ್ ಸ್ಕೈ ನಕಾಶೆಯಲ್ಲಿ ಹಸುರು ಎಂದು ಗುರುತಾದ ಪ್ರದೇಶದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರು, ಮೇಲ್ಮಿತಿ. ಹಳದಿ, ಕೆಂಪು ವಲಯಗಳಲ್ಲಿ ಅನುಮತಿಯಿಲ್ಲದೆ ಹಾರಿಸಕೂಡದು. ಸಾಂಬ್ರಾ ಹಾಗೂ ಕೊಲ್ಲಾಪುರದ ವಿಮಾನನಿಲ್ದಾಣಗಳ ನಡುವಣ ನಾಡು ಇದಾದುದರಿಂದ, ಪ್ರತಿಸಲವೂ ನಕಾಶೆಯನ್ನು ನೋಡಿಯೇ ಹೊರಡಬೇಕು. ಹೊಲದೊಡೆಯನ ಒಪ್ಪಿಗೆ, ಊರವರಿಗೆ ಮುನ್ಸೂಚನೆ, ಚಾಲಕನ ಬೆನ್ನಹಿಂದೆ ಮಾತ್ರ ನೋಡುವವರ ಗುಂಪು, ಇವು ಲಿಖಿತವಾಗಿರಲಿ ಬಿಡಲಿ, ಪಾಲಿಸಲೇಬೇಕಾದ ಧರ್ಮ.

ಟರ್ಬೈನು ಲಕ್ಷಗಳ ಮಾತು. ಅಲ್ಲಿಂದ ಆರಂಭಿಸಬೇಕಾದ ಅಗತ್ಯ ಯಾರಿಗೂ ಇಲ್ಲ. ಗಣಕದ ಪರದೆಯ ಮೇಲಣ ಅಭ್ಯಾಸ, ಅನಂತರ ಥರ್ಮೋಕೋಲಿನಂಥ ಹಗುರ ನೊರೆದ್ರವ್ಯದ ಸರಳ ವಿಮಾನ, ಅನಂತರ ವಿದ್ಯುತ್ ಫ್ಯಾನಿನ ಜೆಟ್ಟು, ಕಟ್ಟಕಡೆಗೆ ಟರ್ಬೈನು. ಇದು ಪ್ರಪಂಚದೆಲ್ಲೆಡೆ ನಡೆದುಬಂದ ಮೆಟ್ಟಿಲು. ಎನ್‌ಸಿಸಿಯ ವಾಯುವಿಭಾಗದಲ್ಲಿ ಮಾದರಿ ವಿಮಾನಗಳ ತರಬೇತು ಲಾಗಾಯ್ತಿನಿಂದ ನಡೆದಿದೆ. ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಯಂತ್ರಶಾಸ್ತ್ರದ ವಿದ್ಯಾರ್ಥಿಗಳು ನಾಲ್ವರು ಸೇರಿ ಒಂದು ನೊರೆದ್ರವ್ಯದ ಜೆಟ್ಟನ್ನು ಕೊಂಡು, ಗುರುತ್ವಕೇಂದ್ರವನ್ನು ಐದು ಮಿಲಿಮೀಟರು ಸರಿಸಿದಾಗ ಏನಾಯಿತೆಂಬುದನ್ನು ಪುಸ್ತಕದಲ್ಲಿ ಬರೆಯತೊಡಗಿದರೆ, ಪಾಠದಲ್ಲಿ ಓದಿದ ಸ್ಥಿರತೆಯ ಸಮೀಕರಣವು ಅವರ ಬೆರಳಿಗೇ ಅರ್ಥವಾಗುತ್ತದೆ. ಮರದ ಗ್ಲೈಡರನ್ನು ಎಳೆದೊಯ್ದು ಬಿಟ್ಟ ಬೆಂಗಳೂರಿನವರು ಮಾಡಿದ್ದೂ, ಚಳ್ಳಕೆರೆಯ ವಿಜ್ಞಾನಿಗಳು ಮಾಡುತ್ತಿರುವುದೂ ಇದನ್ನೇ: ಲೆಕ್ಕವನ್ನು ಗೌರವಿಸುವುದು, ಆದರೆ ಗಾಳಿಯ ತೀರ್ಪು ಬರುವ ತನಕ ಅದನ್ನು ಸತ್ಯವೆಂದು ಒಪ್ಪದಿರುವುದು. ಭಾಗಗಳನ್ನು ಕಡೆಯುವ ನೈಪುಣ್ಯ ಬೆಳಗಾವಿ ಜಿಲ್ಲೆಗೆ ಈಗಾಗಲೇ ಬಂದಿದೆ. ಹಾರಿಸಿ, ಬರೆದು, ತಿದ್ದುವ ಅಭ್ಯಾಸವೂ ಅದರೊಡನೆ ಕೂಡಿದರೆ, ಬಿಡಿಭಾಗಗಳ ನಾಡು ಇಡೀ ವಿಮಾನದ ನಾಡಾಗುವುದಕ್ಕೆ ಬೇಕಾದ ಮೊದಲ ಪಾಠವನ್ನು ಇಲ್ಲಿಯ ಮಡ್ಡಿಗಳ ಮೇಲೆಯೇ ಕಲಿಯಬಹುದು.